ದಾಕ್ಷಿ ಕೈಯೆತ್ತಿದಷ್ಟು

ಅರಸೀಕೆರೆಯ ನಮ್ಮ ಸ್ಕೂಲಿನ ಗೋಲಿಗೆ
ಎರಡು ಸರ್ವೆ ಕಂಬ ಇತ್ತು, ಅಡ್ಡಪಟ್ಟಿ ಇರಲಿಲ್ಲ.
ಮೇಲೆ ಬರೀ ಆಕಾಶ,
ದೂರದಲ್ಲಿ ರೈಲ್ವೆಯವರ ತಂತಿ.

ಹಾಗಾಗಿ ದಿನಾ ಜಗಳ.
"ಗೋಲು ಸಾರ್!" "ಇಲ್ಲ ಸಾರ್, ಮೇಲೆ ಹೋಯ್ತು!"
"ಎಷ್ಟು ಮೇಲೆ?" "ಅಷ್ಟು ಮೇಲೆ!"
ನಾನು ಕಬಡ್ಡಿಯವನು.
ನನ್ನ ಆಟದಲ್ಲಿ ಆಕಾಶದ ಲೆಕ್ಕ ಬರುವುದಿಲ್ಲ,
ಗೆರೆಯೆಲ್ಲ ನೆಲದ ಮೇಲೆ, ಉಳಿದದ್ದು ಉಸಿರು.
"ಫುಟ್‌ಬಾಲ್ ಹೇಳಿಕೊಡ್ತೀರಾ?" ಎಂದಿದ್ದರು
ಕೆಲಸ ಕೊಡುವಾಗ ರೇಣುಕಾರಾಧ್ಯರು.
ಎರಡು ತಿಂಗಳ ಬಾಡಿಗೆ ಬಾಕಿಯಿತ್ತು.
"ಓಹೋ" ಅಂದೆ.

ಆಫ್‌ಸೈಡ್ ಅಂದರೇನೆಂದು ನನಗೆ ತಿಳಿಸಿದವನು
ಆರನೇ ಕ್ಲಾಸಿನ ತೌಸೀಫ್,
ಟಿಫಿನ್ ಡಬ್ಬಿ, ಎರಡು ಚಪ್ಪಲಿ, ಒಂದು ನೀರಿನ ಬಾಟಲಿ ಜೋಡಿಸಿ.
ಪೂರ್ತಿ ಕೇಳಿಸಿಕೊಂಡು
"ಹೂಂ, ಸರಿಯಾಗಿ ಹೇಳಿದೆ, ಕೂತ್ಕೋ" ಅಂದೆ.

ಜಗಳ ತೀರಲೆಂದು ಒಂದು ಕಾನೂನು ತಂದೆ:
ಗೋಲ್‌ಕೀಪರ್ ದಾಕ್ಷಾಯಿಣಿ ನಿಂತಲ್ಲೇ ನೆಗೆದು ಕೈಯೆತ್ತಿದರೆ
ಬೆರಳ ತುದಿ ಎಲ್ಲಿಗೋ
ಅಲ್ಲಿಗೆ ಗೋಲು ಮುಗಿಯಿತು.
ಅದರಾಚೆಯದು ದೇವರದು.

ಕುಳ್ಳಿ. ಆದರೆ ಕಾಯಿ ಮಂಡಿಯಲ್ಲಿ
ಅಪ್ಪ ಲಾರಿಯಿಂದ ಎಸೆದದ್ದನ್ನು
ಹಿಡಿದು ಹಿಡಿದು ಪಳಗಿದ ಕೈ.
ಚೆಂಡು ಅವಳಿಗೆ ಜುಟ್ಟಿಲ್ಲದ ತೆಂಗಿನಕಾಯಿ.
ಅವಳನ್ನು ದಾಟಿಸಲಾರದೆ
ನಂಜೇಶ ಒದ್ದದ್ದು ಗೋಡೆ ದಾಟಿ ಹಳಿಯ ಪಕ್ಕ ಬೀಳುತ್ತಿತ್ತು.
ತರಲು ನಾನೇ ಹೋಗಬೇಕು, ಮಕ್ಕಳು ಆ ಕಡೆ ಹೆಜ್ಜೆ ಇಡಕೂಡದು.
ಗೂಡ್ಸ್ ಕೂಗಿದರೆ ಇದ್ದವರು ಇದ್ದಲ್ಲೇ ನಿಲ್ಲಬೇಕು.
ಇದೂ ನನ್ನದೇ ಕಾನೂನು.
ನನ್ನ ವಿಶಲ್ಲಿಗೆ ಯಾರೂ ನಿಂತವರಲ್ಲ,
ರೈಲಿನದಕ್ಕೆ ನಿಲ್ಲುತ್ತಿದ್ದರು.

ಒಂಬತ್ತನೆಯ ಕ್ಲಾಸಿನ ಜೂನ್.
ರಜೆ ಮುಗಿಸಿ ಬಂದ ದಾಕ್ಷಿ ನಾಲ್ಕು ಬೆರಳು ಬೆಳೆದಿದ್ದಳು.
ಜೊತೆಗೆ ಗೋಲೂ.
"ಅಳತೆ! ಅಳತೆ!" ಎಂದು ಎದುರಾಳಿಗಳು ಕುಣಿದರು.
"ಸಾರ್, ನಾನು ಬೆಳೆದದ್ದಕ್ಕೆ ನನಗೇ ಲಾಸಾ?"
ಬಿ.ಪಿ.ಎಡ್. ಓದಿದ ನನ್ನಲ್ಲಿ
ಇದಕ್ಕೆ ಉತ್ತರವಿರಲಿಲ್ಲ. ಷೂ ಲೇಸು ಕಟ್ಟಿಕೊಂಡೆ.

ಅರ್ಧ ನೆಗೆಯಬಹುದಿತ್ತು.
ಮೊಣಕೈ ಒಂಚೂರು ಮಡಿಸಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?
ನನಗೆ ಗೊತ್ತಾಗುತ್ತಿತ್ತು, ಸುಮ್ಮನಿರುತ್ತಿದ್ದೆ.
ಅವಳು ಚಪ್ಪಲಿ ಬಿಟ್ಟು, ಲಂಗ ಸಿಕ್ಕಿಸಿಕೊಂಡು
ಹಿಮ್ಮಡಿಯಿಂದ ಪೂರ್ತಿ ನೆಗೆದಳು.
ತೌಸೀಫ್ ಕಂಬಕ್ಕೆ ಸುಣ್ಣದ ಗೆರೆ ಎಳೆದ.
ಹಳೆಯದಕ್ಕಿಂತ ಒಂದು ಗೇಣು ಮೇಲೆ.
ಅವತ್ತು ಮೂರು ಗೋಲು ಬಿಟ್ಟುಕೊಟ್ಟಳು,
ಮೂರೂ ಆ ಒಂದು ಗೇಣಿನಲ್ಲಿ.

ಟೆಂತ್‌ಗೆ ಬಂದಾಗ ವಿಶಾಲಾಕ್ಷಿ ಮಿಸ್ ಬಂದರು:
"ಅವರ ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಬೇಕಲ್ಲ ಸಾರ್."
ಕೊಟ್ಟೆ.
ಮಳೆಗೆ ಕೊಟ್ಟಿದ್ದೇನೆ, ಇನ್‌ಸ್ಪೆಕ್ಷನ್ನಿಗೆ ಕೊಟ್ಟಿದ್ದೇನೆ,
ಫೀಸು ಕಟ್ಟದವರನ್ನು ಹೊರಗೆ ಸಾಲಾಗಿ ನಿಲ್ಲಿಸಲು
ಮೈದಾನವನ್ನೇ ಕೊಟ್ಟಿದ್ದೇನೆ.
ಅದನ್ನು ಬರೆಯಬಾರದಿತ್ತೇನೋ. ಇರಲಿ.

ಆ ಡಿಸೆಂಬರಿನಲ್ಲಿ ಕಬ್ಬಿಣದ ಗೋಲು ಬಂತು.
ಬಿಳಿ ಪೇಂಟು, ಬಲೆ, ದಾನಿಗಳ ಹೆಸರು.
ಈಗ ಜಗಳವಿಲ್ಲ.
ಪಟ್ಟಿಗೆ ತಾಗಿದರೆ ಠಣ್ಣನೆ ಅದೇ ಹೇಳಿಬಿಡುತ್ತದೆ.
ಐದನೆಯವರು ಆಡುತ್ತಾರೆ, ಸ್ಕೋರು ಬರೆಯುತ್ತಾರೆ, ಹೋಗುತ್ತಾರೆ.
ಒಬ್ಬರೂ ನನ್ನ ಷರಟು ಹಿಡಿದು ಎಳೆಯುವುದಿಲ್ಲ.

ಫೆಬ್ರವರಿಯ ಒಂದು ಸಂಜೆ, ಸ್ಪೆಷಲ್ ಕ್ಲಾಸು ಬಿಟ್ಟ ಮೇಲೆ
ದಾಕ್ಷಿ ಬಂದು ಪಟ್ಟಿಯ ಕೆಳಗೆ ನಿಂತಳು.
ಬ್ಯಾಗು ಇಳಿಸಿದಳು, ಚಪ್ಪಲಿ ಬಿಟ್ಟಳು. ನೆಗೆದಳು.
ಅರ್ಧ ಗೇಣು ಸಾಲಲಿಲ್ಲ.
"ಇಷ್ಟು ಎತ್ತರಾನಾ ಸಾರ್, ನಿಜವಾದ್ದು?"
"ಎಂಟಡಿ" ಅಂದೆ.

ಇನ್ನೊಮ್ಮೆ ನೋಡಲು ಕೈಯೆತ್ತಿದಳು.
ಅಷ್ಟರಲ್ಲಿ ಗೂಡ್ಸ್ ಕೂಗಿತು.
ನಾನು ಲೆಕ್ಕ ಹಾಕಿದೆ, ಐವತ್ತೆಂಟು ಡಬ್ಬಿ.
ಕೊನೆಯದು ದಾಟುವ ತನಕ
ಎತ್ತಿದ ಕೈ ಎತ್ತಿದ ಹಾಗೇ
ನಿಂತಿದ್ದಳು.