ನಿಂತು ತಿನ್ನುವ ಊರು

ಹನುಮಂತನಗರದ ಈ ದರ್ಶಿನಿಯಲ್ಲಿ
ಕುರ್ಚಿ ಎಂಬುದೇ ಇಲ್ಲ.
ಎಲ್ಲರೂ ನಿಂತೇ ತಿನ್ನುವವರು:
ಎಡಗೈಲಿ ಫೋನು, ಬಲಗೈಲಿ ದೋಸೆ,
ಕಂಕುಳಲ್ಲಿ ಹೆಲ್ಮೆಟ್ಟು.
ಉಕ್ಕಿನ ಕಂಬ, ಅದರ ಮೇಲೊಂದು ಗುಂಡು ಕಲ್ಲು,
ಎದೆಮಟ್ಟಕ್ಕೆ; ಅಂದರೆ
ನಿಂತವರ ಎದೆಮಟ್ಟಕ್ಕೆ.

ನನಗದು ಹಣೆಮಟ್ಟ.

ನಾನು ಬರುವುದು ಬ್ಯಾಟರಿ ಗಾಡಿಯಲ್ಲಿ.
ಮೂರು ಚಕ್ರ, ಮುಂದೊಂದು ಬುಟ್ಟಿ,
ಬೆಕ್ಕು ಕೂಡ ತಿರುಗಿ ನೋಡದಂಥ ಹಾರನ್ನು.
ಕೊಂಡದ್ದು ಕುಕ್ ಟೌನಿನಲ್ಲಿ,
ಹರ್ಮೀನಿಯಾ ರೆಬೆಲ್ಲೊ ತೀರಿಕೊಂಡ ಮೇಲೆ,
ಅವರ ತಂಗಿಯ ಕೈಯಿಂದ.
ಹ್ಯಾಂಡಲ್ಲಿನ ಕೊರಳಿಗೆ ಅಂಟಿದ ಚೀಟಿಯನ್ನು
ಇನ್ನೂ ಕಿತ್ತಿಲ್ಲ:
ಐದನೇ ಅಂತಸ್ತು, ಊಟದ ಹಾಲು, ಟೇಬಲ್ಲು ೨೧೨.

ಹಡಗಿನ ಚೀಟಿಯಂತೆ ಅದು.
‘ಅಕ್ಕ ಇದರಲ್ಲೇ ಸಮುದ್ರ ಸುತ್ತಿದಳು,’ ಎಂದರು ತಂಗಿ.
‘ಊಟಕ್ಕೆ ಮಾತ್ರ ಬಾಗಿಲಲ್ಲೇ ಇಳಿಯಬೇಕು.
ಬಿಳಿ ಕೈಚೀಲದ ಹುಡುಗನೊಬ್ಬ
ತೋಳು ಕೊಟ್ಟು ಕರಕೊಂಡು ಹೋಗಿ ಕೂರಿಸುವನು,
ಇನ್ನೊಬ್ಬ ಗಾಡಿಯನ್ನು ಎಲ್ಲಿಗೋ ಒಯ್ದು ಮರೆಮಾಡುವನು,
ದಾರಿಗಡ್ಡವಂತೆ.
ಏಳು ಸುತ್ತಿನ ಊಟ. ಇವಳಿಗೆ ಏಳು ಸುತ್ತೂ
ಗಾಡಿ ಎಲ್ಲಿಟ್ಟರೋ ಎಂಬುದೇ ಧ್ಯಾನ.
ಬೆಂಕಿ ಗಿಂಕಿ ಹತ್ತಿದರೆ?
ಬಾತ್‌ರೂಮಿಗೆ ಅವಸರವಾದರೆ?
ಸುಮ್ಮನೆ ಎದ್ದು ಹೋಗೋಣ ಅನ್ನಿಸಿದರೆ?’

ಸುಮ್ಮನೆ ಎದ್ದು ಹೋಗೋಣ ಅನ್ನಿಸಿದರೆ.
ಆ ಒಂದು ಮಾತಿಗೇ ನಾನು
ಚೌಕಾಸಿ ಮಾಡದೆ ದುಡ್ಡು ಎಣಿಸಿದ್ದು.

ಇಲ್ಲಿ ಬಾಗಿಲಿಲ್ಲ. ಶಟರಿದೆ, ಎರಡು ಮೆಟ್ಟಿಲಿವೆ.
ಮೊದಲ ಮೂರು ತಿಂಗಳು
ಫುಟ್‌ಪಾತಿನಲ್ಲಿ, ಟ್ರಾನ್ಸ್‌ಫಾರ್ಮರಿನ ಪಕ್ಕ ನನ್ನ ತಿಂಡಿ.
ಬುಟ್ಟಿಯಲ್ಲಿ ತಟ್ಟೆ, ತೊಡೆಸಂದಿಯಲ್ಲಿ ಸಾಂಬಾರು ಬಟ್ಟಲು.
ಯಾರೋ ಒಬ್ಬರು ಹೋಗುತ್ತಾ ಹೋಗುತ್ತಾ
ಬುಟ್ಟಿಗೆ ಹತ್ತು ರೂಪಾಯಿ ಹಾಕಿದರು.
ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು;
ಕರೆದು ಲೆಕ್ಕ ತೀರಿಸಿದೆ.
ಪಾಪ, ಅವರ ಮುಖ ಇಂಗು ತಿಂದಂತಾಯಿತು.
ನೋಟಿಗೆ ಚಟ್ನಿ ಅಂಟಿತ್ತು.

ಹುಲಿಗೆಪ್ಪ ಟೇಬಲ್ಲು ಒರೆಸುವ ಹುಡುಗ,
ಕೊಪ್ಪಳದ ಕಡೆಯವನು.
ಒಂದು ದಿನ ಗ್ಯಾಸ್ ಸಿಲಿಂಡರ್ ಉರುಳಿಸುವ ಹಲಗೆಯನ್ನೇ ತಂದು
ಮೆಟ್ಟಿಲ ಮೇಲೆ ಹಾಸಿದ.
‘ಸಿಲಿಂಡರಕ್ಕಿಂತ ನೀವೇನ್ ವಜ್ಜಿ ಅದೀರಿ? ಬರ್ರಿ ಅಕ್ಕಾರ.’
ಕ್ಯಾಷಿನಲ್ಲಿದ್ದ ಐತಾಳರು ಕೆಮ್ಮಿದರು.
‘ಭಾನುವಾರ ಮಾತ್ರ ಬೇಡಿ ಮೇಡಂ, ರಶ್ಶು.’

ನಾನು ಭಾನುವಾರವೇ ಹೋದೆ.

ಒಳಗೆ ಎಲ್ಲರ ಬೆಲ್ಟಿನ ಬಕಲ್ಲುಗಳ ನಡುವೆ ನಾನು.
ಕೆಳಗಿನಿಂದ ಕಂಡರೆ ಬೆಂಗಳೂರು ಬೇರೆ:
ಕಲ್ಲಿನ ಅಡಿಗಂಟಿಸಿದ ಚ್ಯೂಯಿಂಗ್ ಗಮ್ಮು,
ಯಾರೂ ನೋಡರೆಂದು ಹಿಡಿದುಕೊಂಡ ಎರಡು ಕೈ,
ಬೂಟಿನಿಂದ ಹಿಮ್ಮಡಿ ಎತ್ತಿ ಎತ್ತಿ
ನೋವಿಗೆ ಬಿಡುವು ಕೊಡುತ್ತಿದ್ದ ಡೆಲಿವರಿ ಹುಡುಗ.
ಹುಲಿಗೆಪ್ಪ ಹಿಟ್ಟಿನ ಡ್ರಮ್ಮೊಂದನ್ನು ಬೋರಲು ಹಾಕಿ
ಅಂಗವಸ್ತ್ರದಿಂದ ಒರೆಸಿದ.
ನನ್ನ ಟೇಬಲ್ಲು.

ಎರಡು ವಾರದಲ್ಲಿ ಅದಕ್ಕೂ ಪೈಪೋಟಿ.
ಡೆಲಿವರಿ ಹುಡುಗ ಕುಕ್ಕರುಗಾಲಲ್ಲಿ ಕೂತು
‘ಒಂಚೂರು ತಟ್ಟೆ ಇಡ್ಲಾ ಆಂಟಿ?’ ಅಂದ.
ಮಂಡಿ ಆಪರೇಷನ್ನಾದ ಬ್ಯಾಂಕಿನವರು
ನನ್ನ ಗಾಡಿಯ ಹಿಂಬದಿಗೆ ಒರಗಿಕೊಂಡು, ಕೇಳದೆಯೇ,
ಕೇಸರಿಬಾತು ತಿಂದರು.
ಬೈಯೋಣವೆಂದಿದ್ದೆ. ಬಾಯಲ್ಲಿ ವಡೆ ಇತ್ತು.

ಹುಲಿಗೆಪ್ಪ ಒಮ್ಮೆ ಚೀಟಿ ಮುಟ್ಟಿ ಕೇಳಿದ:
‘ಏನ್ ಬರದೈತ್ರಿ ಇದು?’
ಹೇಳಿದೆ. ಹಡಗಿನದನ್ನೂ ಹೇಳಿದೆ.
ಮರುದಿನ ಒಲೆಯ ಕಡೆಗೆ ಅವನ ಕೂಗು:
‘ಇನ್ನೂರಾ ಹನ್ನೆರಡಕ್ಕ ಒಂದ್ ಖಾಲಿ!’
ಅಲ್ಲಿರುವುದು ಒಟ್ಟು ಆರೇ ಟೇಬಲ್ಲು.

ಇವತ್ತು ಕಾಫಿ ಚೆನ್ನಾಗಿತ್ತು, ಮಳೆಯೂ ಇರಲಿಲ್ಲ,
ಕಾಯುವವರು ಯಾರೂ ಇಲ್ಲ ನನಗೆ.
ಆದರೂ ಅರ್ಧ ಲೋಟ ಬಿಟ್ಟು
ರಿವರ್ಸ್ ಒತ್ತಿದೆ. ಟೂಂ ಟೂಂ ಟೂಂ.
ಜನ ತಟ್ಟೆ ಎತ್ತಿಕೊಂಡು ದಾರಿ ಬಿಟ್ಟರು.
‘ಯಾಕ್ರಿ ಅಕ್ಕಾರ, ಏನಾತು?’

ಏನಿಲ್ಲಪ್ಪ.
ಸುಮ್ಮನೆ.