ಆರ್ಗಾನ್

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸು. ಡೈರಿಯ ಸೀಳಿದ ಪೈಪು
ಹೆಗಲ ಮೇಲೆ ಹೊತ್ತು ತಂದಿದ್ದೇನೆ.
ದಸ್ತಗೀರ್ ಸಾಬರು ಮೊದಲು ಫ್ಯಾನು ಆರಿಸಿದರು:
"ಗಾಳಿ ಬಿತ್ತೋ, ಆರ್ಗಾನ್ ಚದುರ್ತದೆ. ಬೆಸುಗೆ ಕರಕಲು."

ನವಿಲುನೀಲಿ ಸಿಲಿಂಡರಿನ ಕಿವಿ ಹಿಂಡಿದರು.
ಸ್ಸ್… ಅಷ್ಟೆ. ಬಣ್ಣವಿಲ್ಲ, ವಾಸನೆಯಿಲ್ಲ.
ಯಾರ ಮದುವೆಗೂ ಹೋಗದ ಆಸಾಮಿ
ಕಾದ ಉಕ್ಕಿಗೂ ಹಸಿದ ಆಮ್ಲಜನಕಕ್ಕೂ ನಡುವೆ
ಬಂದು ನಿಂತ, ಕೈಕಟ್ಟಿಕೊಂಡು.
ಅವನ ಮರೆಯಲ್ಲಿ ಎರಡು ತುದಿ ಕರಗಿ ಒಂದಾದವು.

ನೂರು ಉಸಿರಿಗೆ ಒಂದುಸಿರು ಇವನೇ ಅಂತೆ, ಹೆಚ್ಚುಕಮ್ಮಿ.
ಹುಟ್ಟಿದಾಗಿನಿಂದ ಎದೆಯೊಳಗೆ ಬಂದು ಹೋಗುತ್ತಿದ್ದಾನೆ,
ರಕ್ತದಲ್ಲಿ ಒಂದು ಗೀರೂ ಎಳೆಯದೆ.

ಫ್ಯಾನು ಮತ್ತೆ ತಿರುಗಿತು.
ಬಾಗಿಲು ದಾಟಿ ತುಂಗೆಯ ಕಡೆ ಹೋದನೋ ಏನೋ,
ಬಂದ ಹಾಗೇ.
ಎಣ್ಣೆಗೈ ಬಿಲ್ಲಿನಲ್ಲಿ ಮಾತ್ರ ಉಳಿದಿದ್ದ:
ಗ್ಯಾಸು, ನೂರ ನಲವತ್ತು.