ಕಲಾಂದ್ರಿಯಾ

ಊರಲ್ಲಿ ಅದು ಹಕ್ಕಿ.
ಗೇಟು ದಾಟಿ ಒಳಗೆ ಬಂದರೆ
ಮೂರಾಳೆತ್ತರದ ಹಂಡೆಯ ಹೊಟ್ಟೆ:
ಸಾವಿರದ ಇನ್ನೂರು ಹಿತ್ತಾಳೆ ಕೊಳವೆ,
ಒಳಗೆ ಕಬ್ಬಿನ ಹಾಲು, ಹೊರಗೆ ಹಬೆ,
ನಡುವೆ ಎರಡು ಮಿಲಿಮೀಟರು.
ಎರಡಕ್ಕೂ ಹೆಸರು ಒಂದೇ. ತುಕುಮಾನಿನಲ್ಲಿ
ಯಾಕೆಂದು ಯಾರೂ ಕೇಳುವುದಿಲ್ಲ.

ಸಾಲಾಗಿ ನಾಲ್ಕು ಹಂಡೆ.
ಒಂದರ ಉಸಿರು ಮುಂದಿನದಕ್ಕೆ ಒಲೆ.
"ಬಡವರ ಮನೆ ಅಂಗಿ, ಹುಡುಗಿ," ಅಂದಿದ್ದ ರೆಮಿಹಿಯೊ ಮೊದಲ ದಿನ,
"ದೊಡ್ಡವನು ಬಿಟ್ಟದ್ದು ನಡುವಿನವನಿಗೆ,
ಅವನು ಬಿಟ್ಟದ್ದು ಚಿಕ್ಕವನಿಗೆ.
ಕೊನೆಯ ಕೂಸಿಗೆ ಬರುವಾಗ ಬಿಸಿ ಅರೆಬರೆ.
ಅದಕ್ಕೇ ಅದರ ತಲೆ ಮೇಲಿನ ಗಾಳಿಯನ್ನೇ ಎಳೆದುಬಿಡುತ್ತೇವೆ,
ಸಿಕ್ಕಷ್ಟಕ್ಕೇ ಕುದಿಯಲಿ ಅಂತ."

ಹದಿನೈದು ದಿನಕ್ಕೊಮ್ಮೆ ಎಲ್ಲ ನಿಲ್ಲುತ್ತದೆ.
ಸೋಡಾ ಕುದಿಸಿ, ಬಸಿದು, ಆರಲು ಬಿಟ್ಟು
ಸಣ್ಣ ಮೈಯವರನ್ನು ಒಳಗೆ ಇಳಿಸುತ್ತಾರೆ.
ನಾನು ಸಣ್ಣ ಮೈಯವಳು.
ಕೊಳವೆ ಕೊಳವೆಗೂ ಬ್ರಷ್ಷು, ಮೇಲಿಂದ ಕೆಳಗೆ.
ಬೂದಿ ಬಣ್ಣದ ಕಿಟ್ಟ ಉದುರುತ್ತದೆ, ಮೊಟ್ಟೆಸಿಪ್ಪೆಯಷ್ಟು ದಪ್ಪ.
ಅಷ್ಟೇ ಸಾಕು, ಬಿಸಿ ಈಚೆಗೆ ಬಾರದು.
ಮೂಗಿನಲ್ಲಿ, ಹಲ್ಲಿನಲ್ಲಿ, ರಾತ್ರಿ ದಿಂಬಿನ ಮೇಲೂ ಅದೇ ಸುಣ್ಣ.

ರಾತ್ರಿ ಪಾಳಿ ಅವನ ತಮ್ಮನದು, ಅಬುಂದಿಯೊ.
ಮುಷ್ಕರದ ವರ್ಷ, ಒಂಬತ್ತನೆಯ ದಿನ,
ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಹೋದ.
ಯಾರು ಅಂತ ಊರಿಗೆಲ್ಲ ಗೊತ್ತು, ನನಗೆ ಹೇಳಿಲ್ಲ.
ಅಂದಿನಿಂದ ಮಾತಿಲ್ಲ.
ಆರರ ಸೀಟಿಗೆ ಮುಂಚೆ ಒಬ್ಬ ಹಿಂಬಾಗಿಲಿಂದ ಹೋದರೆ
ಇನ್ನೊಬ್ಬ ಮುಂಬಾಗಿಲಿಂದ ಬರುತ್ತಾನೆ.
ಮೇಜಿನ ಮೇಲೆ ದಾಖಲೆ ಪುಸ್ತಕ: ಶಾಖ, ಒತ್ತಡ, ಪಾಕದ ಹದ.
ಏಳರ ಸೊಂಟಕ್ಕೆ ಓರೆ ಗೀಟು, ಅವರಪ್ಪ ಎಳೆಯುತ್ತಿದ್ದ ಹಾಗೇ.
ಮೊದಲ ಹಂಡೆಯ ಪೈಪಿನ ತಿರುವಿನಲ್ಲಿ ಒಂದು ಕೆಟಲ್ಲು.
ಯೆರ್ಬಾ ಸೊಪ್ಪಿಗೆ ಕುದ್ದ ನೀರು ಆಗದು, ಕಹಿಯಾಗುತ್ತದೆ.
ಎಂದೂ ಕುದ್ದಿರಲಿಲ್ಲ.
ರೆಮಿಹಿಯೊ ಬೆರಳ ಹಿಂಬದಿ ತಾಗಿಸಿ ನೋಡಿ
ಏನೂ ಅನ್ನದೆ ಬಗ್ಗಿಸಿಕೊಳ್ಳುತ್ತಿದ್ದ.

ಆಗಸ್ಟು. ಕಬ್ಬಿನ ಗರಿಯ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಬೆಳಗು.
ಕೆಟಲ್ಲು ನೆಲದ ಮೇಲಿತ್ತು, ತಣ್ಣಗೆ.
ಪುಸ್ತಕದಲ್ಲಿ ಎರಡು ಗಂಟೆವರೆಗೆ ಏಳುಗಳಿಗೆ ಗೀಟಿತ್ತು,
ಮೂರರ ಮೇಲೆ ಇಲ್ಲ.
ಅವನು ಪುಟವನ್ನು ಎರಡು ಸಲ ಓದಿದ.
ನಾಲ್ಕನೆಯ ಹಂಡೆಯ ಗಾಜಿನ ಕಿಂಡಿಯಲ್ಲಿ
ಪಾಕ ಏಳುತ್ತಿತ್ತು, ಬೀಳುತ್ತಿತ್ತು.
"ನೋಡಿಕೋ," ಅಂದ,
ರಬ್ಬರು ಬೂಟಲ್ಲೇ ಹೊರಟ, ಹಿಂಬಾಗಿಲಿಂದ.

ಹೊರಗೆ ಕಬ್ಬಿನ ಸಿಪ್ಪೆಯ ರಾಶಿ ಮೇಲೆ
ಇನ್ನೊಂದು ಕಲಾಂದ್ರಿಯಾ
ಪಾಳಿಯ ಸೀಟಿಯನ್ನು ಅಣಕಿಸುತ್ತಿತ್ತು.
ಸೀಟಿ ಇನ್ನೂ ಆಗಿರಲಿಲ್ಲ.